ಹಳೇ ಬಿಎಂಎಕ್ಸ್ ಮತ್ತೆ ಓಡಬೇಕಾ? ಮೊದಲು ಸುತ್ತಿಗೆ ಪಕ್ಕಕ್ಕಿಡಿ

ಕಳೆದ ಎರಡು ವರ್ಷದಲ್ಲಿ ನನ್ನ ಕಣ್ಣೆದುರೇ ಮೂರು ಹಳೇ ಬಿಎಂಎಕ್ಸ್ (ಬೈಸಿಕಲ್ ಮೋಟೊಕ್ರಾಸ್) ಸೈಕಲ್ ಹಾಳಾದವು. ಮೂರೂ ಇಪ್ಪತ್ತು–ಮೂವತ್ತು ವರ್ಷ ಅಟ್ಟದ ಮೇಲೆ ಸುಮ್ನೆ ಬಿದ್ದಿದ್ದವು, ಏನೂ ಆಗಿರಲಿಲ್ಲ. ರಿಪೇರಿಗೆ ಇಳಿಸಿದ ದಿನವೇ ಕೆಟ್ಟವು. ಒಂದರ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ಕೈಯ, ಥ್ರೆಡ್ ಹೋಯಿತು. ಇನ್ನೊಂದರ ಕ್ರೋಮ್ ಲೇಪ ಆಸಿಡ್‌ನಲ್ಲಿ ಹೋಯಿತು. ಮೂರನೆಯದಕ್ಕೆ ಹೊಂದದ ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಬಡಿದು ಕೂರಿಸಿದ್ದರಿಂದ ಫೋರ್ಕಿನ (ಮುಂದಿನ ಗಾಲಿ ಹಿಡಿಯುವ ಕವಲಿನ) ಟ್ಯೂಬೇ ಉಬ್ಬಿತು. ಆ ಮೂರನೆಯದು ನನ್ನದೇ, ಬಡಿದವನೂ ನಾನೇ.

ಹುಬ್ಬಳ್ಳಿ–ಧಾರವಾಡದಲ್ಲಿ ಇಂಥ ಸೈಕಲ್ ಎಲ್ಲಿಂದ ಬಂದವು ಅಂತ ಕೇಳಬಹುದು. ಹೆಚ್ಚಾಗಿ ಗಲ್ಫ್‌ನಲ್ಲಿದ್ದ ಮಾವನೋ ಕಾಕಾನೋ ಮಕ್ಕಳಿಗೆ ಅಂತ ತಂದದ್ದು, ಇಲ್ಲವೇ ಗೋವಾ ಕಡೆಯ ಗುಜರಿಯಿಂದ ಬಂದದ್ದು. 20 ಇಂಚಿನ ಗಾಲಿ, ನಡುವೆ ಅಡ್ಡ ಕಂಬಿ ಇರುವ ಎತ್ತರದ ಹ್ಯಾಂಡಲ್, ಗೇರ್ ಇಲ್ಲ, ಮಡ್‌ಗಾರ್ಡ್ ಇಲ್ಲ. 1970ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮೋಟೊಕ್ರಾಸ್ (ಮಣ್ಣಿನ ದಾರಿಯ ರೇಸ್) ಬೈಕ್ ನೋಡಿ, ಶ್ವಿನ್ ಸ್ಟಿಂಗ್-ರೇ ಥರದ ಸಣ್ಣ ಸೈಕಲ್ ತಗೊಂಡು ಮಣ್ಣಿನ ದಿಬ್ಬಗಳ ಮೇಲೆ ರೇಸ್ ಶುರು ಮಾಡಿದರು. ಅಲ್ಲಿಂದ ಬೆಳೆದ ಆಟ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ವರೆಗೂ ಹೋಯಿತು. ಒಳ್ಳೆಯ ರೇಸ್ ಫ್ರೇಮ್ ಆದರೆ 4130 ದರ್ಜೆಯ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನದು. ಎತ್ತಿ ನೋಡಿದರೆ ಕೈಗೇ ಗೊತ್ತಾಗುತ್ತದೆ, ಮಕ್ಕಳ ಸೈಕಲ್‌ಗಿಂತ ಹಗುರ.

ಹಂತ 1: ಫ್ರೇಮ್ ಬದುಕಿದೆಯಾ ನೋಡಿ

ಬಣ್ಣದ ವಿಚಾರ ಆಮೇಲೆ. ಮೊದಲು ಹ್ಯಾಂಡಲ್ ಕೆಳಗೆ ಪೈಪುಗಳು ಸೇರುವ ಜಾಗ, ಹಿಂದಿನ ಗಾಲಿಯ ಅಚ್ಚು ಕೂರುವ ಜಾಗ, ಈ ಎರಡೂ ಕಡೆ ಬೆಸುಗೆ ಬಿಟ್ಟಿದೆಯಾ ನೋಡಬೇಕು. ಹಳೇ ಉಪಾಯ ಒಂದಿದೆ. ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಅದು ಸಿಗದಿದ್ದರೆ ಡೀಸೆಲ್. ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಮೇಲೆ ಬಂದು, ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿದರೆ ಅದನ್ನು ಗೋಡೆಗೆ ನೇತುಹಾಕಿ, ಮಕ್ಕಳ ಕೈಗೆ ಕೊಡಬೇಡಿ.

ಫ್ರೇಮ್ ಸೊಟ್ಟ ಆಗಿದೆಯಾ ಅನ್ನೋದಕ್ಕೆ ಒಂದು ದಾರ ಸಾಕು. ಹಿಂದಿನ ಗಾಲಿ ಕೂರುವ ಒಂದು ಬದಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಪೈಪು ಸುತ್ತಿಸಿ, ಇನ್ನೊಂದು ಬದಿಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಸ್ಕೇಲ್ ಹಿಡಿದು ಅಳೆಯಿರಿ. ಎರಡೂ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಹಂತ 2: ಕ್ರ್ಯಾಂಕ್ ಬಿಚ್ಚುವುದು, ಇಲ್ಲೇ ಎಲ್ಲರೂ ಎಡವುವುದು

ನಮ್ಮ ಸೈಕಲ್ ಅಂಗಡಿಯವರು ಕಾಟರ್ ಪಿನ್ (ಕ್ರ್ಯಾಂಕನ್ನು ಅಚ್ಚಿಗೆ ಬಿಗಿಹಿಡಿಯುವ ಬೆಣೆ) ಬಿಚ್ಚಿ ಬಿಚ್ಚಿ ಕೈ ಪಳಗಿದವರು. ಕಾಟರ್ ಪಿನ್‌ಗೆ ಸುತ್ತಿಗೆ ಏಟು ಬೇಕೇ ಬೇಕು. ಆದರೆ ಹಳೇ ಬಿಎಂಎಕ್ಸ್‌ಗಳಲ್ಲಿ ಎಷ್ಟೋ ಸಲ ಇರುವುದು ಒನ್-ಪೀಸ್ ಕ್ರ್ಯಾಂಕ್. ಎಡಗೈ, ಅಚ್ಚು, ಬಲಗೈ ಮೂರೂ ಸೇರಿ ಒಂದೇ ಬಾಗಿದ ಸರಳು, ಪಿನ್ನೇ ಇಲ್ಲ. ನಾನು ನೋಡಿದ ಮೊದಲ ಸೈಕಲ್ ಕೆಟ್ಟದ್ದೇ ಹೀಗೆ. ಹಳೇ ಹುಬ್ಬಳ್ಳಿಯ ಒಂದು ಅಂಗಡಿ. ಮಾಲೀಕರಿಗೆ ಅರವತ್ತು ದಾಟಿದೆ, ನಾವೆಲ್ಲ ಕಾಕಾ ಅಂತಲೇ ಕರೆಯುವುದು. ಎಡಗಡೆ ನಟ್ ಬರಲಿಲ್ಲ. ಅವರು ಪಾನಾಕ್ಕೆ ಉದ್ದದ ಪೈಪು ಸಿಗಿಸಿದರು.

"ಕಾಕಾ, ನಿಂದರ್ರಿ, ಅದು ಉಲ್ಟಾ ಥ್ರೆಡ್ ಐತಿ" ಅಂದೆ.

"ಏ ತಮ್ಮಾ, ನಲವತ್ತ್ ವರ್ಷ ಆತು ನಾ ಸೈಕಲ್ ಬಿಚ್ಚಾಕ ಹತ್ತಿ. ಒಂದ್ ಏಟ್ ಹಾಕಿದ್ರ ಬರ್ತೈತಿ ಬಿಡು" ಅಂದರು. ಏಟು ಹಾಕಿದರು. ಬಂತು, ಥ್ರೆಡ್ ಸಮೇತ ಬಂತು. ಕಾಕಾ ದುಡ್ಡು ತಗೊಳ್ಳಲಿಲ್ಲ, ಚಹಾ ತರಿಸಿದರು.

ಹಾಗಾಗಿ ಇದನ್ನು ನಿಧಾನವಾಗಿ ಓದಿ. ಹಿಂದಿನ ದಿನ ರಾತ್ರಿಯೇ ಎಡಗಡೆ ನಟ್, ಎಡ ಪೆಡಲ್ ಎರಡಕ್ಕೂ ಜಂಗು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಸ್ಪ್ರೇ ಇಲ್ಲವೇ? ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ಹನಿ ಹನಿ ಬಿಡಿ. ಬೆಳಗ್ಗೆ ಚೈನ್ ತೆಗೆಯಿರಿ. ಆಮೇಲೆ ಎಡ ಪೆಡಲ್. ಅದು ಬರದೆ ಕ್ರ್ಯಾಂಕ್ ಹೊರಗೆ ಬರುವುದೇ ಇಲ್ಲ, ಏಕೆಂದರೆ ಆ ಇಡೀ ಸರಳು ಫ್ರೇಮಿನ ತೂತಿನೊಳಗಿಂದ ಹಾಯಬೇಕು. ಬಲ ಪೆಡಲ್ ಇದ್ದರೂ ನಡೆಯುತ್ತದೆ.

ಎಡಗಡೆ ಇರುವುದೆಲ್ಲ ಉಲ್ಟಾ ಥ್ರೆಡ್. ಪೆಡಲ್ ಉಲ್ಟಾ, ದೊಡ್ಡ ನಟ್ ಉಲ್ಟಾ, ಅದರ ಒಳಗಿನ ಕೋನ್ (ಬೇರಿಂಗ್ ಒತ್ತಿ ಹಿಡಿಯುವ ಶಂಕು ಆಕಾರದ ನಟ್) ಕೂಡ ಉಲ್ಟಾ. ತುಳಿಯುವಾಗ ತಾನೇ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿರುತ್ತಾರೆ. ಎಡಬದಿಗೆ ನಿಂತು ನೋಡಿದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಸಡಿಲ ಆಗುತ್ತದೆ. ಇದು ನೆನಪಿರಲ್ಲ ಅನ್ನುವವರಿಗೆ ನನ್ನ ಲೆಕ್ಕ ಇಷ್ಟೇ: ಪಾನಾದ ಹಿಡಿ ಮೇಲ್ಮುಖವಾಗಿರುವಂತೆ ಸಿಗಿಸಿ, ಹಿಂದಿನ ಗಾಲಿಯ ಕಡೆಗೆ ಎಳೆಯಿರಿ. ಎಡ ಪೆಡಲ್ ಇರಲಿ, ಬಲ ಪೆಡಲ್ ಇರಲಿ, ಈ ದೊಡ್ಡ ನಟ್ ಇರಲಿ, ಹಿಂದಕ್ಕೆ ಎಳೆದರೆ ಬಿಚ್ಚುತ್ತದೆ, ಮುಂದಕ್ಕೆ ತಳ್ಳಿದರೆ ಬಿಗಿಯುತ್ತದೆ.

ನಟ್ ಬಂತಾ? ಅದನ್ನು ಕ್ರ್ಯಾಂಕಿನ ಬಾಗಿನ ಮೇಲಿಂದ ಹಾಯಿಸಿ ಹೊರಗೆ ತೆಗೆಯಿರಿ. ಅದರ ಹಿಂದೆ ಒಂದು ವಾಷರ್. ಒಳಸುತ್ತಿನಲ್ಲಿ ಸಣ್ಣ ನಾಲಿಗೆ ಇರುತ್ತದೆ, ಅದು ಅಚ್ಚಿನ ಗೀರಿನಲ್ಲಿ ಕೂತಿರುತ್ತದೆ, ತಿರುಗಿಸಬೇಡಿ, ನೇರ ಎಳೆಯಿರಿ. ಅದರ ಹಿಂದೆ ಕೋನ್. ಅದರ ಕಚ್ಚಿಗೆ ಸ್ಕ್ರೂಡ್ರೈವರ್ ತುದಿ ಇಟ್ಟು ಮೆಲ್ಲಗೆ ತಟ್ಟಿದರೂ ತಿರುಗುತ್ತದೆ. ಈ ತಟ್ಟುವುದಕ್ಕೆ ಮಾತ್ರ ಸುತ್ತಿಗೆಗೆ ಅನುಮತಿ, ಅದೂ ಸಣ್ಣದಕ್ಕೆ. ಕೋನ್ ಬಂದ ಮೇಲೆ ಪಂಜರದಲ್ಲಿ ಕೂತ ಛರ್ರೆಗಳು (ಬೇರಿಂಗ್ ಗುಂಡುಗಳು) ಕಾಣುತ್ತವೆ. ಇಲ್ಲಿ ಒಂದು ನಿಮಿಷ ನಿಂತು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಪಂಜರದ ಯಾವ ಮುಖ ಹೊರಗಿದೆ ಅನ್ನೋದು ಮುಖ್ಯ. ತಿರುಗಿಸಿ ಹಾಕಿದರೆ ಹೊಸ ಬೇರಿಂಗ್ ಕೂಡ ಕರಕರ ಅನ್ನುತ್ತದೆ, ಕೆಲವೇ ದಿನಕ್ಕೆ ಪುಡಿಯಾಗುತ್ತದೆ. ಕೊನೆಗೆ ಕ್ರ್ಯಾಂಕನ್ನು ಬಲಗಡೆಗೆ ಎಳೆಯಿರಿ. ಬಾಗಿನ ಹತ್ತಿರ ಸಿಕ್ಕಿಕೊಳ್ಳುತ್ತದೆ, ಆಗ ಎಳೆದಾಡಬೇಡಿ. ಸ್ವಲ್ಪ ಓರೆ ಮಾಡಿ, ಇಕ್ಕಟ್ಟಾದ ಬಾಗಿಲಲ್ಲಿ ಮಂಚ ಹಾಯಿಸುತ್ತೀರಲ್ಲ, ಹಾಗೆ ತಿರುಗಿಸುತ್ತ ತನ್ನಿ.

ಫ್ರೇಮಿನಲ್ಲಿ ಒತ್ತಿ ಕೂರಿಸಿದ ಎರಡು ಬಟ್ಟಲು ಉಳಿಯುತ್ತವೆ. ಒಳಗೆ ಒರೆಸಿ ಉಗುರು ಓಡಿಸಿ ನೋಡಿ. ನುಣ್ಣಗಿದ್ದರೆ ಮುಟ್ಟಬೇಡಿ. ಉಗುರು ಎಲ್ಲಾದರೂ ತಡೆದರೆ ಬದಲಿಸಲೇಬೇಕು. ಛರ್ರೆ ಮಾತ್ರ ಹಳೆಯದು ಎಷ್ಟೇ ಚೆಂದ ಕಂಡರೂ ಹೊಸದೇ ಹಾಕಿ, ಅದರಲ್ಲಿ ದುಡ್ಡು ಉಳಿಸಬೇಡಿ.

ಕೂರಿಸುವಾಗ ಇದೇ ಕ್ರಮ ಹಿಂದುಮುಂದು. ಗ್ರೀಸ್ ಧಾರಾಳ ಇರಲಿ. ಕೋನ್ ಕೈಯಲ್ಲೇ ಬಿಗಿ ಮಾಡಿ, ಕಾಲು ಸುತ್ತು ಹಿಂದಕ್ಕೆ ಬಿಡಿ, ಆಮೇಲೆ ವಾಷರ್, ನಟ್. ಮಜಾ ಏನೆಂದರೆ ನಟ್ ಬಿಗಿ ಮಾಡಿದಾಗ ಕೋನ್ ಕೂಡ ಸ್ವಲ್ಪ ಒಳಗೆ ಒತ್ತಿಕೊಳ್ಳುತ್ತದೆ, ಅದಕ್ಕೇ ಸರಿ ಇದ್ದದ್ದು ಬಿಗಿಯಾಗಿ ಬಿಡುತ್ತದೆ. ಮತ್ತೆ ಸಡಿಲಿಸಿ, ಮತ್ತೆ ಬಿಗಿ ಮಾಡಿ. ನನಗೆ ಈಗಲೂ ಮೂರು–ನಾಲ್ಕು ಸಲ ಬೇಕಾಗುತ್ತದೆ. ಕ್ರ್ಯಾಂಕ್ ಹಿಡಿದು ಅತ್ತಿತ್ತ ಅಲುಗಿಸಿದರೆ ಟಕ್ ಅನ್ನಬಾರದು, ಬೆರಳಲ್ಲಿ ದೂಡಿದರೆ ಸಲೀಸಾಗಿ ತಿರುಗಬೇಕು.

ಹಂತ 3: ಜಂಗು ಮತ್ತು ಕ್ರೋಮ್

ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಐದು ನಿಮಿಷದಲ್ಲಿ ಫಳಫಳ ಅನ್ನುತ್ತದೆ ಅಂತ ಹೇಳುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಹೌದು, ಅನ್ನುತ್ತದೆ. ಆ ಆಸಿಡ್ ಜಂಗಿನ ಜೊತೆ ಕ್ರೋಮನ್ನೂ ತಿನ್ನುತ್ತದೆ, ಆಮೇಲೆ ಉಳಿದ ಉಕ್ಕು ಬೇಗನೆ ಮತ್ತೆ ಜಂಗು ಹಿಡಿಯುತ್ತದೆ. ಧಾರವಾಡದ ಗೆಳೆಯನೊಬ್ಬನ ಫ್ರೇಮ್ ಹೀಗೇ ಹೋಯಿತು. ಪಾಲಿಶ್ ಪೇಪರ್ ಕೂಡ ಬೇಡ, ಗೀರು ಬೀಳುತ್ತದೆ.

ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ತಗೊಳ್ಳಿ, ಮುದ್ದೆ ಮಾಡಿ, ನೀರಲ್ಲಿ ಅದ್ದಿ ತಿಕ್ಕಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗೆ, ಹಾಗಾಗಿ ಗೀರುವುದಿಲ್ಲ. ಕಂದು ಬಣ್ಣದ ಕೆಸರು ಬರುತ್ತದೆ, ಒರೆಸಿ, ಕಾರಿಗೆ ಹಚ್ಚುವ ಮೇಣ ಹಚ್ಚಿ. ನಟ್, ವಾಷರ್, ಕೋನ್ ಇಂಥವಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ, ಮೂರು–ನಾಲ್ಕು ತಾಸು. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಹಚ್ಚಬೇಕು. ರಾತ್ರಿಯಿಡೀ ನೆನೆಸಿಟ್ಟು ಮರೆತುಬಿಡಬೇಡಿ.

ಬಣ್ಣದ ಫ್ರೇಮ್ ಆದರೆ ನನ್ನ ಮಾತು ಕೇಳಿ, ಹಳೇ ಬಣ್ಣ ಮತ್ತು ಸ್ಟಿಕರ್ ಮುಕ್ಕಾಲು ಪಾಲು ಉಳಿದಿದ್ದರೆ ಹಾಗೇ ಬಿಡಿ. ಥಿನ್ನರ್ ಹಾಕಿ ಒರೆಸಿದರೆ ಸ್ಟಿಕರ್ ಹೋಗುತ್ತದೆ, ಹೋದರೆ ಮತ್ತೆ ಸಿಗುವುದು ನಕಲಿಯೇ. ಪೌಡರ್ ಕೋಟಿಂಗ್‌ಗೇ ಕೊಡುವುದಾದರೆ ಬೇರಿಂಗ್ ಬಟ್ಟಲು ಕೂರುವ ಜಾಗ, ಸೀಟಿನ ಪೈಪಿನ ಒಳಗೆ, ಥ್ರೆಡ್ ಇರುವ ಕಡೆ ಎಲ್ಲ ಮುಚ್ಚಿ ಮಾಡಿ ಅಂತ ಎದುರು ನಿಂತು ಹೇಳಿ. ಇಲ್ಲದಿದ್ದರೆ ಬಣ್ಣದ ದಪ್ಪಕ್ಕೆ ಬಟ್ಟಲೇ ಕೂರುವುದಿಲ್ಲ.

ಹಂತ 4: ಅಳತೆ ನೋಡದೆ ಏನೂ ಕೊಳ್ಳಬೇಡಿ

ನನ್ನ ಫೋರ್ಕ್ ಹೋಗಿದ್ದು 1.1 ಮಿಲಿಮೀಟರ್‌ಗೆ. ಅಮೆರಿಕದ ಹಳೇ ಬಿಎಂಎಕ್ಸ್ ಸ್ಟೆಮ್ 21.1 ಮಿಲಿಮೀಟರ್, ನಾನು ತಂದ ಸ್ಟೆಮ್ 22.2. ಕಣ್ಣಿಗೆ ಒಂದೇ ಥರ. ಪೆಡಲ್‌ಗೂ ಇದೇ ಕಥೆ. ಒನ್-ಪೀಸ್ ಕ್ರ್ಯಾಂಕಿನ ಪೆಡಲ್ ಥ್ರೆಡ್ ಅರ್ಧ ಇಂಚು, ಮೂರು ತುಂಡಿನ ಕ್ರ್ಯಾಂಕಿನದು 9/16 ಇಂಚು. ಅಂಗಡಿಯವರು "ಹಾಕಿ ಕೊಡ್ತೀನ್ರಿ" ಅಂದರೂ ಬೇಡ ಅನ್ನಿ.

ಟೈರ್‌ನಲ್ಲಿ ಮೋಸ ಜಾಸ್ತಿ. 20x1.75 ಮತ್ತು 20x1 3/8 ಎರಡನ್ನೂ 20 ಇಂಚು ಅಂತಲೇ ಮಾರುತ್ತಾರೆ, ಒಂದರ ರಿಮ್‌ಗೆ ಇನ್ನೊಂದು ಹತ್ತುವುದಿಲ್ಲ. ಟೈರಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ 406 ಅಥವಾ 451 ಅಂತ ಇರುತ್ತದೆ (ರಿಮ್ ಅಳತೆ, ಮಿಲಿಮೀಟರ್‌ನಲ್ಲಿ; ಮೊದಲನೆಯದಕ್ಕೆ 406, ಎರಡನೆಯದಕ್ಕೆ 451), ಅದನ್ನು ನೋಡಿ. ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ, ಅಗ್ಗದ್ದೇ ಸಾಕು.

ಮಿಕ್ಕಿದ್ದು

ಗಾಲಿಯ ಬೆಂಡ್ ತೆಗೆಯುವುದು ನಮ್ಮ ಅಂಗಡಿಯವರಿಗೇ ಬಿಡಿ. 36 ಕಡ್ಡಿಯ ಗಾಲಿ ಅವರಿಗೆ ನೀರು ಕುಡಿದಷ್ಟು ಸುಲಭ, ಈ ಕೆಲಸದಲ್ಲಿ ಆ ಕಾಕಾನೇ ನನಗೂ ಗುರು. ಚೈನ್ ಚಕ್ರದ ಹಲ್ಲಿನ ಲೆಕ್ಕ ಮುಂದೆ 44, ಹಿಂದೆ 16 ಇರಲಿ. ಹಳೇ ರೇಸ್ ಸೈಕಲ್‌ಗಳ ವಾಡಿಕೆ ಅದು, ಪೆಡಲ್ ಒಂದು ಸುತ್ತಿಗೆ ಗಾಲಿ 2.75 ಸುತ್ತು. ಚೈನ್ ಹೊಸದು ಹಾಕಿ, ನಡುವೆ ಬೆರಳಿಟ್ಟು ಒತ್ತಿದರೆ ಅರ್ಧ ಇಂಚು ಆಡಬೇಕು. ಚೈನ್‌ಗೆ ಕೊಬ್ಬರಿ ಎಣ್ಣೆ ಬಿಡುವವರನ್ನು ನೋಡಿದ್ದೇನೆ, ಧೂಳು ಸೇರಿ ಅಂಟಾಗುತ್ತದೆ, ಬೇಡ.

ರೇಸ್ ಸೈಕಲ್‌ಗೆ ಹಿಂದಿನ ಬ್ರೇಕ್ ಒಂದೇ ಸಾಕು ಅನ್ನುತ್ತಾರೆ. ಟ್ರ್ಯಾಕ್‌ನಲ್ಲಿ ಸರಿ. ಚೆನ್ನಮ್ಮ ಸರ್ಕಲ್ ದಾಟುವವರು ದಯವಿಟ್ಟು ಮುಂದೆಯೂ ಒಂದು ಹಾಕಿಸಿ.

ಮೊದಲ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದ ಮೇಲೆ ಎಡಗಡೆ ನಟ್ ಮತ್ತೆ ನೋಡಿ, ಸ್ವಲ್ಪ ಸಡಿಲ ಆಗಿರುತ್ತದೆ. ಧಾರವಾಡದ ಕೆಂಪು ಮಣ್ಣಲ್ಲಿ ಎಷ್ಟಾದರೂ ಆಡಿ, ಆದರೆ ಮಳೆ ಬಿದ್ದ ಮೇಲೆ ಗದಗ ರಸ್ತೆಯ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಮಾತ್ರ ಇಳಿಸಬೇಡಿ. ಆ ಮಣ್ಣು ಫೋರ್ಕಿಗೂ ಗಾಲಿಗೂ ನಡುವೆ ತುಂಬಿಕೊಂಡರೆ ಸೈಕಲ್ ಹೆಗಲ ಮೇಲೆ ಹೊತ್ತೇ ಬರಬೇಕು. ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಕ್ರ್ಯಾಂಕ್ ಹತ್ತಿರ ತರಬೇಡಿ. ನೀರು ಒಳಗೆ ಹೋಯಿತೋ, ಎರಡನೇ ಹಂತಕ್ಕೆ ವಾಪಸ್.