ಮೂಕಿ ಕಳ್ಳನಿಗೆ ಪೇಟಿ, ತಬಲಾ: ನನ್ನ ಅನುಭವ

ಮೂಕಿ ಚಿತ್ರ ಹಾಕಿ, ಟಿಕೆಟ್ಟಿಟ್ಟು ಜನರನ್ನು ಕೂರಿಸುತ್ತೇನೆ ಅಂದಾಗ ಧಾರವಾಡದ ಗೆಳೆಯರು ನಕ್ಕರು. ಅದೂ 1915ರ ‘ಏಲಿಯಾಸ್ ಜಿಮ್ಮಿ ವ್ಯಾಲೆಂಟೈನ್’. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಕೇಳಲಿ ಬಿಡಿ.

ಚಿತ್ರ ಗೊತ್ತಲ್ವಾ? ಬೆರಳ ತುದಿಯಿಂದಲೇ ತಿಜೋರಿ ತೆಗೆಯುವ ಕಳ್ಳ. ಒಬ್ಬ ಹುಡುಗಿಗೆ ಮನಸೋತು ಬ್ಯಾಂಕಿನಲ್ಲೇ ನೌಕರಿ ಹಿಡಿದು ನೆಟ್ಟಗಾಗುತ್ತಾನೆ. ಕೊನೆಗೆ ತಿಜೋರಿಯೊಳಗೆ ಮಗು ಸಿಕ್ಕಿಬೀಳುತ್ತೆ. ಹುಡುಕಿಕೊಂಡು ಬಂದ ಪತ್ತೇದಾರನೂ ಅಲ್ಲೇ ಇದ್ದಾನೆ. ಬಾಗಿಲು ತೆಗೆದರೆ ಗುಟ್ಟು ರಟ್ಟು. ಮೂಲ ಕಥೆ ಅಮೆರಿಕದ ಕಥೆಗಾರ ಓ. ಹೆನ್ರಿಯದು. ಆತನೂ ಒಹಾಯೋದ ಜೈಲಿನಲ್ಲಿ ಮೂರು ವರ್ಷ ಕಳೆದವನು. ಕಳ್ಳನ ಮೇಲೆ ಅಷ್ಟು ಅಕ್ಕರೆ ಸುಮ್ನೆ ಬಂದದ್ದಲ್ಲ.

ಮೊದಲ ಪ್ರದರ್ಶನದಲ್ಲಿ ಫೈಲನ್ನು ಇದ್ದಂತೆ ಓಡಿಸಿದೆವು. ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ ಕಳ್ಳ ಕುಣಿಯುತ್ತಾ ನಡೆದ. ಜೈಲಿನ ದೃಶ್ಯಗಳನ್ನು ನ್ಯೂಯಾರ್ಕಿನ ಸಿಂಗ್ ಸಿಂಗ್ ಜೈಲಿನಲ್ಲೇ ತೆಗೆದದ್ದು. ಅದಕ್ಕೂ ಜನ ಬಿದ್ದು ಬಿದ್ದು ನಕ್ಕರು. ವೇಗವನ್ನು 18ರ ಆಸುಪಾಸಿಗೆ ಇಳಿಸಿದ ಮೇಲೆ ಕಳ್ಳ ಮನುಷ್ಯನಾದ. ಆಮೇಲೆ ಪೇಟಿ (ಹಾರ್ಮೋನಿಯಂ) ಮಾಸ್ತರರ ಸರದಿ. ಕಂಪನಿ ನಾಟಕದಲ್ಲಿ ಪಳಗಿದ ಕೈ, ಒಂದು ನಿಮಿಷ ಬಿಡುವು ಕೊಡಲಿಲ್ಲ. ಜನ ಪೇಟಿ ಕೇಳಿದರು, ಪರದೆ ಮರೆತರು. ಹಿಂದಿನ ಸಾಲಿನಿಂದ ರಂಗಗೀತೆಯ ಫರ್ಮಾಯಿಷ್ ಬೇರೆ! ಹೊನ್ನಾವರದ ಗೆಳೆಯ ಚಂಡೆ ತಂದ. ತಗಡಿನ ಮಾಡು ನಡುಗಿತು, ಚಿತ್ರ ಮುಳುಗಿತು. ಪಾತ್ರಗಳಿಗೆ ಕನ್ನಡದ ಹೆಸರಿಟ್ಟೂ ನೋಡಿದೆ. ಹ್ಯಾಟು ಹಾಕಿದ ಬಸವರಾಜನನ್ನು ಯಾರೂ ನಂಬಲಿಲ್ಲ. ಜಿಮ್ಮಿ ಜಿಮ್ಮಿಯಾಗಿಯೇ ಉಳಿದ.

ದುಡ್ಡಿನ ಮಾತು. ಹಾಲ್ ಬಾಡಿಗೆ ಎರಡು ಸಾವಿರ, ವಾದ್ಯದವರಿಗೆ ಮೂರು ಮೂರೂವರೆ, ಚಹಾ, ಆಟೋ ಬೇರೆ. ಆರಂಭದಲ್ಲಿ ಏಳೆಂಟು ಸಾವಿರ ಕೈಬಿಟ್ಟಿತು. ಮನೆಯಲ್ಲಿ ಮಾತು ಕೇಳಬೇಕಾಯಿತು. ಪ್ರೊಜೆಕ್ಟರ್ ಸ್ವಂತದ್ದು ಅಂತ ಬಚಾವಾದೆ.

ದಾರಿ ತೋರಿಸಿದ್ದು ಬ್ಯಾಂಕ್ ಕಳವಿನ ದೃಶ್ಯ. ನಿರ್ದೇಶಕ ಮೋರಿಸ್ ಟೂರ್ನೂರ್ ಅಲ್ಲಿ ಕ್ಯಾಮೆರಾವನ್ನು ಮೇಲೇರಿಸಿ ಕೆಳಗೆ ನೋಡುತ್ತಾನೆ. ಚಾವಣಿಯೇ ಇಲ್ಲದ ಸೆಟ್, ಕೋಣೆಗಳೆಲ್ಲ ಒಟ್ಟಿಗೇ ಕಾಣುತ್ತವೆ. ಕಾವಲುಗಾರ ಎಲ್ಲಿ, ಕಳ್ಳರು ಎಲ್ಲಿ ಅಂತ ನೋಡುವವರಿಗೆ ಮಾತ್ರ ಗೊತ್ತು. ಅಲ್ಲಿ ಪೇಟಿ ನಿಲ್ಲಿಸಿದೆ. ಕಾವಲುಗಾರನ ಹೆಜ್ಜೆಗೆ ತಬಲಾದ ಡಗ್ಗಾ ಒಂದೇ. ಕಳ್ಳರಿಗೆ ಏನೂ ಇಲ್ಲ. ಸಭೆ ತಾನಾಗಿ ಸುಮ್ಮನಾಯಿತು. ‘ಹಿಂದೆ ಬಂದಾನೋ!’ ಅಂತ ಒಬ್ಬರು ಕೂಗಿಯೇಬಿಟ್ಟರು.

ಅಂದಿನಿಂದ ನನ್ನ ನಿಯಮ ಇಷ್ಟೇ: ಕಳ್ಳನ ಕೈ ಕೆಲಸ ಮಾಡುವಾಗ ವಾದ್ಯ ಮಾತಾಡಬಾರದು. ಪರದೆಯ ಮೇಲೆ ಮಾತಿನ ಬದಲು ಬರುವ ಇಂಗ್ಲಿಷ್ ಫಲಕ ಓದಿ ಅನುವಾದಿಸುವುದನ್ನೂ ಬಿಟ್ಟೆ. ಫಲಕ ಬರುವ ಮೊದಲೇ ಒಂದು ಸಾಲಿನಲ್ಲಿ ವಿಷಯ ಹೇಳಿ ಮುಗಿಸುತ್ತೇನೆ. ಹುಡುಗಿ ಬಂದಾಗ ಪೇಟಿಯಲ್ಲಿ ಪೀಲೂ ರಾಗ, ಅದೂ ಅರ್ಧ. ಪೂರ್ತಿ ನುಡಿಸುವುದು ಕೊನೆಗೆ ಮಾತ್ರ. ತಿಜೋರಿಯ ಬೀಗ ತಿರುಗುವ ‘ಕಟಕ್’ ಸದ್ದು ಯಾವುದರಿಂದ ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಅದು ಅಡುಗೆಮನೆಯ ಸಾಮಾನು. ಅದಕ್ಕಿಂತ ಜಾಸ್ತಿ ಹೇಳಲ್ಲ.

ಟಿಕೆಟ್ ಈಗ ಐವತ್ತು ರೂಪಾಯಿ. ಕಳೆದ ಸಲ ಇನ್ನೂರರ ಹತ್ತಿರ ಜನ ಬಂದಿದ್ದರು, ಖರ್ಚು ಕಳೆದು ಮೂರು ನಾಲ್ಕು ಸಾವಿರ ಉಳಿಯಿತು. ಮಾಸ್ತರರು ಆಗಲೇ ಸಂಭಾವನೆ ಏರಿಸಿದ್ದಾರೆ. ಪೇಟಿ ನಿಲ್ಲಿಸುವುದಕ್ಕೇ ಹೆಚ್ಚು ಕೊಡಬೇಕಂತೆ!