ಕೈಗಾರಿಕಾ ಕ್ರಾಂತಿ ‘ವ್ಯವಸಾಯ ವಿಪ್ಲವ’ ಆಗದಿರಲಿ

ಶಾಲೆ ತೆರೆದು ವಾರ ಕಳೆಯುವಷ್ಟರಲ್ಲಿ ಸಮಾಜ ವಿಜ್ಞಾನ ಅಧ್ಯಾಪಕರ ವಾಟ್ಸಾಪ್ ಗುಂಪುಗಳಲ್ಲಿ ಲಿಂಕುಗಳ ಮಳೆ ಶುರು. ಫ್ರೆಂಚ್ ಕ್ರಾಂತಿಗೆ ಹದಿನೈದು, ಕೈಗಾರಿಕಾ ಕ್ರಾಂತಿಗೆ ಇಪ್ಪತ್ತು. ತೆರೆದು ನೋಡುವವರು ಕಡಿಮೆ, ತೆರೆದವರೂ ತರಗತಿಗೆ ಒಯ್ಯುವುದು ಒಂದು ಯೂಟ್ಯೂಬ್ ವಿಡಿಯೊ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಮೂಲ ದಾಖಲೆ ಇಂಗ್ಲಿಷಿನಲ್ಲಿರುತ್ತದೆ, ಪಾಠದ ಟಿಪ್ಪಣಿ ಮಲಯಾಳದಲ್ಲಿ ಸಿಗುತ್ತದೆ, ಮಗು ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ಈ ಮೂರು ದೋಣಿ ದಾಟುವಷ್ಟರಲ್ಲಿ ವಿಷಯ ಅರ್ಧ ನೀರುಪಾಲಾಗಿರುತ್ತದೆ.

ಇದಕ್ಕೆ ದಾರಿ, ಒಂದು ಪೀರಿಯಡ್‌ಗೆ ಒಂದೇ ದಾಖಲೆ, ಅದೂ ಅರ್ಧ ಪುಟ. ಅದನ್ನು ಸಿದ್ಧಪಡಿಸುವ ಕ್ರಮ ಇಲ್ಲಿದೆ. ಉದಾಹರಣೆಗೆ ಕೈಗಾರಿಕಾ ಕ್ರಾಂತಿಯ ಕಾಲದ ಬಾಲಕಾರ್ಮಿಕರ ಪಾಠವನ್ನು ತೆಗೆದುಕೊಳ್ಳೋಣ.

ಮೊದಲು ಪ್ರಶ್ನೆ

ಹುಡುಕುವ ಮೊದಲೇ ಪ್ರಶ್ನೆಯನ್ನು ಕಾಗದದಲ್ಲಿ ಬರೆಯಿರಿ: ‘ಕಾರ್ಖಾನೆಯಲ್ಲಿ ಮಗುವಿನ ಒಂದು ದಿನ ಹೇಗಿತ್ತು? ಕಾನೂನು ಬಂದ ಮೇಲೆ ಅದು ಬದಲಾಯಿತೇ?’ ಇಷ್ಟು ಸಾಕು.

ಯಾವ ಬಾಗಿಲು ತಟ್ಟಬೇಕು

ಗೂಗಲ್‌ನಲ್ಲಿ ಮೊದಲು ಕಾಣಿಸುವ ‘ನೋಟ್ಸ್’ ತಾಣಗಳನ್ನು ಬಿಟ್ಟುಬಿಡಿ. ಒಂದು ತಾಣ ಇನ್ನೊಂದರಿಂದ ಎತ್ತಿದ್ದು, ತಪ್ಪುಗಳೂ ಜತೆಯಲ್ಲೇ ಬಂದಿರುತ್ತವೆ. ಮೂಲ ದಾಖಲೆಗಳಿಗೆ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದ ಇಂಟರ್ನೆಟ್ ಹಿಸ್ಟರಿ ಸೋರ್ಸ್‌ಬುಕ್ಸ್ ಇದೆ. 1996ರಿಂದ ಇರುವ ತಾಣ, ಮುಖ ಹಳತು, ಒಳಗಿನ ಸರಕು ಗಟ್ಟಿ. ಒಪ್ಪಂದ, ಘೋಷಣೆ, ಸಂವಿಧಾನಗಳಿಗೆ ಯೇಲ್ ವಿಶ್ವವಿದ್ಯಾಲಯದ ಅವಲಾನ್ ಪ್ರಾಜೆಕ್ಟ್. ಚಿತ್ರಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ವಿಕಿಮೀಡಿಯ ಕಾಮನ್ಸ್, ಹಳೆಯ ನಕ್ಷೆಗಳಿಗೆ ಡೇವಿಡ್ ರಮ್ಸಿ ಸಂಗ್ರಹ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಶಿಕ್ಷಣ ವಿಭಾಗದಲ್ಲಿ 1833ರ ಫ್ಯಾಕ್ಟರಿ ಕಾಯಿದೆಯ ಮೇಲೆ ಸಿದ್ಧ ಪಾಠವೇ ಇದೆ. ಇಷ್ಟೂ ಉಚಿತ. ದುಡ್ಡು ಕೊಟ್ಟು ‘ವರ್ಲ್ಡ್ ಹಿಸ್ಟರಿ ಆ್ಯಪ್’ ಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ನಮ್ಮ ಪಾಠಕ್ಕೆ ಎರಡು ತುಣುಕು ಬೇಕು. ಒಂದು, ಸೋರ್ಸ್‌ಬುಕ್ಸ್‌ನಲ್ಲಿರುವ 1832ರ ಸ್ಯಾಡ್ಲರ್ ಸಮಿತಿಯ (ಕಾರ್ಖಾನೆ ಮಕ್ಕಳ ದುಡಿಮೆಯನ್ನು ವಿಚಾರಿಸಿದ ಬ್ರಿಟಿಷ್ ಸಂಸತ್ತಿನ ಸಮಿತಿ) ಸಾಕ್ಷ್ಯ. ಲೀಡ್ಸ್ ನಗರದ 23 ವರ್ಷದ ಎಲಿಜಬೆತ್ ಬೆಂಟ್ಲಿ ಆರನೆಯ ವಯಸ್ಸಿನಲ್ಲೇ ಕೆಲಸಕ್ಕೆ ಸೇರಿದ್ದನ್ನು ಹೇಳುತ್ತಾಳೆ: ಕೆಲಸ ಹೆಚ್ಚಿದ್ದಾಗ ಬೆಳಗ್ಗೆ 5ರಿಂದ ರಾತ್ರಿ 9, ಉಳಿದ ದಿನ 6ರಿಂದ ಸಂಜೆ 7, ಊಟಕ್ಕೆ ಮಧ್ಯಾಹ್ನ 40 ನಿಮಿಷ. ಎರಡನೆಯದು ನ್ಯಾಷನಲ್ ಆರ್ಕೈವ್ಸ್‌ನ ಪಾಠದಲ್ಲಿರುವ 1836ರ ಕಾರ್ಖಾನೆ ಇನ್‌ಸ್ಪೆಕ್ಟರರ ವರದಿ. ಹುಡುಗರು ಶುಕ್ರವಾರ ಬೆಳಗ್ಗೆ 6ಕ್ಕೆ ಕೆಲಸಕ್ಕೆ ನಿಂತವರು, ಊಟದ ಹೊತ್ತು ಮತ್ತು ನಡುರಾತ್ರಿಯ ಒಂದು ಗಂಟೆ ಬಿಟ್ಟರೆ, ಶನಿವಾರ ಸಂಜೆ 4ರವರೆಗೂ ಬಿಡುವಿಲ್ಲದೆ ದುಡಿದಿದ್ದರು. 9 ವರ್ಷದೊಳಗಿನವರನ್ನು ಜವಳಿ ಕಾರ್ಖಾನೆಗೆ ಸೇರಿಸಬಾರದು, 9ರಿಂದ 13ರವರಿಗೆ ದಿನಕ್ಕೆ ಹೆಚ್ಚೆಂದರೆ 9 ಗಂಟೆ ಎಂದು ಕಾಯಿದೆ ಬಂದು ಮೂರು ವರ್ಷವಾಗಿತ್ತು. ಕಾಯಿದೆ ಪಾಲನೆ ನೋಡಿಕೊಳ್ಳಲು ಇಡೀ ದೇಶಕ್ಕೆ ನೇಮಿಸಿದ್ದು ನಾಲ್ಕೇ ಇನ್‌ಸ್ಪೆಕ್ಟರರನ್ನು. ಮಕ್ಕಳು ತಾವಾಗಿ ಕಾರಣ ಹೇಳಬೇಕಾದ ಜಾಗ ಇದು, ನೀವು ಬಾಯಿಬಿಡಬೇಡಿ.

ಸ್ಯಾಡ್ಲರ್ ಹತ್ತು ಗಂಟೆ ಕೆಲಸದ ಮಸೂದೆ ಮಂಡಿಸಿದವರು. ಒಂದೇ ಪಕ್ಷದ ಸಾಕ್ಷಿಗಳನ್ನು ಕರೆಸಿದರೆಂದು ಮಿಲ್ ಮಾಲೀಕರು ಆಕ್ಷೇಪಿಸಿದ್ದರು. ಈ ಮಾತನ್ನು ಹಾಳೆಯ ಕೆಳಗೆ ಒಂದು ಸಾಲಿನಲ್ಲಿ ಕೊಡಿ. ಕೊಡದಿದ್ದರೆ ದಾಖಲೆ ಓದಿಸಿದಂತಾಗುವುದಿಲ್ಲ, ಕಣ್ಣೀರು ಹಾಕಿಸಿದಂತಾಗುತ್ತದೆ.

ಕನ್ನಡಕ್ಕೆ ಇಳಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ಇಡೀ ಪುಟವನ್ನು ಅನುವಾದ ಯಂತ್ರಕ್ಕೆ ಹಾಕಿ, ಬಂದದ್ದನ್ನು ಹಾಗೇ ಮುದ್ರಿಸುತ್ತಾರೆ.

ಬೆಂಟ್ಲಿ ‘ವೆನ್ ದೇ ವರ್ ಥ್ರಾಂಗ್ಡ್’ ಎನ್ನುತ್ತಾಳೆ. ಥ್ರಾಂಗ್ ಎಂದರೆ ನಿಘಂಟಿನಲ್ಲಿ ಜನಸಂದಣಿ, ಯಂತ್ರವೂ ಅದನ್ನೇ ಹಿಡಿಯುತ್ತದೆ. ಅವಳು ಹೇಳುವುದು ‘ಕೆಲಸದ ಒತ್ತಡ ಇದ್ದಾಗ’ ಎಂದು. ‘ಫ್ರೇಮ್’ ಚೌಕಟ್ಟಾಗಿ ಬರುತ್ತದೆ, ಅದು ನೂಲುವ ಯಂತ್ರ. ‘ಫ್ಲಾಕ್ಸ್ ಮಿಲ್’ ಅಗಸೆ ಗಿರಣಿ ಆಗುತ್ತದೆ. ನಮ್ಮ ಮಕ್ಕಳಿಗೆ ಮಿಲ್ಲೆಂದರೆ ಭತ್ತ ಕುಟ್ಟುವುದು, ಕೊಬ್ಬರಿ ಎಣ್ಣೆ ತೆಗೆಯುವುದು. ಆದ್ದರಿಂದ ‘ಅಗಸೆ ನಾರಿನಿಂದ ನೂಲು ತೆಗೆಯುವ ಕಾರ್ಖಾನೆ’ ಎಂದೇ ಬಿಡಿಸಿ ಬರೆಯಿರಿ. ಅವಳ ಕೆಲಸದ ಹೆಸರು ‘ಡಾಫರ್’. ಅದಕ್ಕೆ ಕನ್ನಡ ಪದ ಹುಡುಕಿ ಸೊರಗಬೇಡಿ, ‘ನೂಲು ತುಂಬಿದ ಬಾಬಿನ್ ತೆಗೆದು ಖಾಲಿಯದನ್ನು ಹಾಕುವ ಹುಡುಗಿ’ ಎಂದರಾಯಿತು. ಕಾಸರಗೋಡು ಸೀರೆ ನೇಯುವಲ್ಲಿಗೆ ಹೋಗಿಬಂದ ಮಗುವಿಗೆ ಅದೂ ಬೇಕಾಗುವುದಿಲ್ಲ.

ಬೇರೆ ಪಾಠಗಳಲ್ಲೂ ಇದೇ ಕತೆ. ಫ್ರಾನ್ಸಿನ ‘ಥರ್ಡ್ ಎಸ್ಟೇಟ್’ ಅನ್ನು ‘ಮೂರನೇ ಎಸ್ಟೇಟ್’ ಎಂದು ಬಿಟ್ಟರೆ ಇಲ್ಲಿನ ಮಗು ರಬ್ಬರ್ ತೋಟ ನೆನೆಯುತ್ತದೆ. ಅದು ಪಾದ್ರಿಗಳು, ಕುಲೀನರನ್ನು ಬಿಟ್ಟು ಉಳಿದ ಸಾಮಾನ್ಯರ ವರ್ಗ. 1789ರ ಜೂನ್ 20ರ ಟೆನಿಸ್ ಕೋರ್ಟ್ ಪ್ರತಿಜ್ಞೆಯ ‘ಕೋರ್ಟ್’ ನ್ಯಾಯಾಲಯ ಅಲ್ಲ, ಆಟದ ಅಂಕಣ. 1521ರ ‘ಡಯೆಟ್ ಆಫ್ ವರ್ಮ್ಸ್’ ಅನ್ನು ಪದಪದಕ್ಕೆ ಇಳಿಸಿದರೆ ಹುಳುಗಳ ಪಥ್ಯ. ನಿಜವಾಗಿ ಅದು ವರ್ಮ್ಸ್ ಪಟ್ಟಣದಲ್ಲಿ ಸೇರಿದ, ಮಾರ್ಟಿನ್ ಲೂಥರನನ್ನು ಕರೆಸಿದ ಸಾಮ್ರಾಜ್ಯ ಸಭೆ.

ಯಂತ್ರದ ಈ ತಪ್ಪುಗಳು ಕಣ್ಣಿಗೆ ಹೊಡೆಯುತ್ತವೆ. ಮಲಯಾಳ ಟಿಪ್ಪಣಿಯಿಂದ ಬರುವ ತಪ್ಪು ನುಣ್ಣಗೆ ನುಸುಳುತ್ತದೆ, ಏಕೆಂದರೆ ಪದ ಕನ್ನಡದ್ದೇ ಎನಿಸುತ್ತದೆ. ಮಲಯಾಳದಲ್ಲಿ ‘ವ್ಯವಸಾಯಂ’ ಎಂದರೆ ಕೈಗಾರಿಕೆ, ನಮ್ಮಲ್ಲಿ ಬೇಸಾಯ. ‘ವಿಪ್ಲವಂ’ ಅಲ್ಲಿ ಕ್ರಾಂತಿ, ನಮ್ಮ ಕಿವಿಗೆ ಅನಾಹುತ. ‘ವ್ಯವಸಾಯ ವಿಪ್ಲವ’ ಎಂದು ಹಲಗೆಯ ಮೇಲೆ ಬರೆದರೆ ಮಕ್ಕಳು ಓದಿಕೊಳ್ಳುವುದು ಅಡಿಕೆಗೆ ಕೊಳೆರೋಗ ಬಂದ ವರ್ಷ ಎಂದು! ‘ಅವಕಾಶಂ’ ಅಲ್ಲಿ ಹಕ್ಕು, ಹಾಗಾಗಿ 1789ರ ಘೋಷಣೆ ‘ಮಾನವ ಹಕ್ಕುಗಳ’ದ್ದೇ ಹೊರತು ಅವಕಾಶಗಳದ್ದಲ್ಲ. ‘ಕಲಾಪಂ’ ಅಲ್ಲಿ ದಂಗೆ, ಇಲ್ಲಿ ವಿಧಾನಸಭೆಯಲ್ಲಿ ನಡೆಯುವಂಥದ್ದು. ‘ಸಮರಂ’ ಅಲ್ಲಿ ಮುಷ್ಕರ, ಹೋರಾಟ, ಇಲ್ಲಿ ಯುದ್ಧ. ‘ಪ್ರಸಂಗಂ’ ಭಾಷಣ. ಲೆನಿನ್ನನ ಪ್ರಸಂಗ ಎಂದರೆ ಯಕ್ಷಗಾನದ ಊರಿನಲ್ಲಿ ಮಕ್ಕಳು ಭಾಗವತರನ್ನು ಕೇಳಿಯಾರು.

ಈ ಆರು ಪದಗಳನ್ನು ಒಂದು ರಟ್ಟಿನ ಮೇಲೆ ಬರೆದು ಸ್ಟಾಫ್ ರೂಮಿನಲ್ಲಿ ತೂಗುಹಾಕಿ. ಪದ ಆರಿಸುವಾಗ ಸಂಶಯ ಬಂದರೆ ಕೇರಳದ ಕನ್ನಡ ಪಠ್ಯಪುಸ್ತಕದ ಪದವೇ ಕೊನೆಯ ಮಾತು, ಪ್ರಶ್ನೆಪತ್ರಿಕೆಯಲ್ಲಿ ಬರುವುದು ಅದು. ಕರ್ನಾಟಕದ ಎಸ್ಸೆಸ್ಸೆಲ್ಸಿ ವಿಡಿಯೊಗಳ ಕನ್ನಡ ಚೆನ್ನಾಗಿರಬಹುದು, ಪಠ್ಯಕ್ರಮ ಬೇರೆ. ಹಾಗೇ ಹಾಕಿ ಕೂತರೆ ಪೀರಿಯಡ್ ದಂಡ.

ಕೆಲಸದ ಕ್ರಮ ಹೀಗಿರಲಿ: ಮೊದಲು ಇಂಗ್ಲಿಷಿನಲ್ಲೇ ಕತ್ತರಿಸಿ, ಎಂಟು ಹತ್ತು ಪ್ರಶ್ನೋತ್ತರ ಉಳಿಸಿ. ಆಮೇಲೆ ಯಂತ್ರದಿಂದ ಕರಡು ತೆಗೆಯಿರಿ. ಮೂಲವನ್ನು ಪಕ್ಕದಲ್ಲಿಟ್ಟು ಒಂದೊಂದೇ ವಾಕ್ಯ ತಿದ್ದಿ, ಉದ್ದದ್ದನ್ನು ಎರಡು ಮಾಡಿ. ಕೊನೆಗೆ ಗಟ್ಟಿಯಾಗಿ ಓದಿ, ನಾಲಗೆ ತೊಡರಿದಲ್ಲಿ ಮತ್ತೆ ಬರೆಯಿರಿ. ಒಟ್ಟು 120ರಿಂದ 150 ಪದ, ಅರ್ಥ ಹೇಳಬೇಕಾದ ಪದ ಐದಕ್ಕಿಂತ ಹೆಚ್ಚು ಬೇಡ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟಿಗೆ ‘ಬಾಲಕಾರ್ಮಿಕಳ ಮಾತು ಬರೆದುಕೊಡು’ ಎಂದು ಕೇಳಲೇಬೇಡಿ. ಬರೆದುಕೊಡುತ್ತದೆ, ಆದರೆ ಆ ಮಾತನ್ನು ಯಾರೂ ಆಡಿರುವುದಿಲ್ಲ.

ಚಿತ್ರ

ಯಂತ್ರದ ಮುಂದೆ ಬರಿಗಾಲಲ್ಲಿ ನಿಂತ ಮಗುವಿನ ಫೋಟೊ ‘ಇಂಗ್ಲೆಂಡ್, 1830’ ಎಂಬ ಶೀರ್ಷಿಕೆಯಲ್ಲಿ ಓಡಾಡುತ್ತಿರುತ್ತದೆ. ಮೊದಮೊದಲ ಫೋಟೊ ವಿಧಾನವಾದ ಡಾಗೆರೋಟೈಪ್ ಜಗತ್ತಿಗೆ ಪ್ರಕಟವಾದದ್ದೇ 1839ರಲ್ಲಿ. ಅಂಥ ಫೋಟೊಗಳಲ್ಲಿ ಹಲವು ಅಮೆರಿಕದ ಲೂಯಿಸ್ ಹೈನ್ 1908ರ ನಂತರ ಅಲ್ಲಿನ ಗಿರಣಿಗಳಲ್ಲಿ ತೆಗೆದವು. ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ಜಾಡು ಸಿಗುತ್ತದೆ, ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೈನ್ ಬರೆದ ಅಡಿಟಿಪ್ಪಣಿಯೂ ಇದೆ. ಫ್ರಾನ್ಸಿನ ತ್ರಿವರ್ಣ ಧ್ವಜ ಹಿಡಿದ ಹೆಂಗಸನ್ನು ಕಲಾವಿದ ಡೆಲಕ್ರಾ ಬಿಡಿಸಿದ ಚಿತ್ರವೂ ಅಷ್ಟೇ. ಅದು 1830ರ ಜುಲೈ ಕ್ರಾಂತಿಯದ್ದು, ಅಂಗಡಿಯಲ್ಲಿ ಸಿಗುವ ಚಾರ್ಟುಗಳಲ್ಲಿ 1789ಕ್ಕೆ ಅಂಟಿಸಿರುತ್ತಾರೆ.

ಊರಿಗೆ ಕೊಂಡಿ ಬೇಕೆಂದರೆ ಬಾಸೆಲ್ ಮಿಷನ್ ಆರ್ಕೈವ್ಸ್‌ನ ಚಿತ್ರಸಂಗ್ರಹಕ್ಕೆ ಹೋಗಿ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆಯಂಥವುಗಳ ಚಿತ್ರ ಅಲ್ಲಿವೆ. ಹಂಚಿನ ಮಾಡಿನ ಮನೆಯ ಮಗು ತಲೆಯೆತ್ತಿ ನೋಡಿದರೆ ಸಾಕ್ಷ್ಯ ಎದುರೇ ಇರುತ್ತದೆ. ಹುಡುಕುವಾಗ ‘ಕಾಸರಗೋಡು’ ಒಂದನ್ನೇ ಹಾಕಬೇಡಿ, 1956ರವರೆಗಿನ ದಾಖಲೆಗಳಲ್ಲಿ ಇದು ಸೌತ್ ಕೆನರಾ.

ಮುದ್ರಣ, ತರಗತಿ

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿರುವ ಫೈಲು ಶಾಲೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಬರುವುದು ಕಸ. ಅಕ್ಷರ 14 ಪಾಯಿಂಟ್, ಎ4 ಹಾಳೆಯಲ್ಲಿ ಎರಡು ಪ್ರತಿ, ಇಬ್ಬರು ಮಕ್ಕಳಿಗೆ ಒಂದು. ಪದಗಳ ಅರ್ಥಕ್ಕೆ ಐದು ನಿಮಿಷ. ಓದಿಗೆ ಹತ್ತು: ಒಬ್ಬ ಸಮಿತಿಯಾಗಿ ಕೇಳಲಿ, ಇನ್ನೊಬ್ಬಳು ಬೆಂಟ್ಲಿಯಾಗಿ ಉತ್ತರಿಸಲಿ. ಉಳಿದದ್ದೆಲ್ಲ ಚರ್ಚೆಗೆ. ವಿಡಿಯೊ ಬೇಕೇ ಬೇಕೆಂದರೆ ನಾಲ್ಕು ನಿಮಿಷ ದಾಟದ್ದು, ಹಿಂದಿನ ದಿನವೇ ಇಳಿಸಿಟ್ಟದ್ದು, ಸದ್ದು ತೆಗೆದು ನೀವೇ ಮಾತಾಡಿ.

ಮೂಲ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಲಿಂಕು ನಂಬಬೇಡಿ. ವರ್ಲ್ಡ್ ಡಿಜಿಟಲ್ ಲೈಬ್ರರಿಯಂಥ ದೊಡ್ಡ ತಾಣವೇ 2021ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಒಳಗೆ ಸೇರಿಹೋಯಿತು. ಹಾಳೆಯ ಅಡಿಯಲ್ಲಿ ದಾಖಲೆಯ ಹೆಸರು, ವರ್ಷ, ಸಿಕ್ಕ ತಾಣ, ಅನುವಾದ ಮಾಡಿದವರ ಹೆಸರು ಇರಲಿ. ಮುಂದಿನ ವರ್ಷ ಬೇರೆ ಶಾಲೆಯವರಿಗೆ ತಪ್ಪು ಸಿಕ್ಕಿದರೆ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಾಗಬೇಕಲ್ಲ.