ಸೂಜಿ ಬಿಡಿಸಿದ್ದು ನನ್ನ ವಹಿ

ನಾಲ್ಕು ವರ್ಷದ ಕೆಳಗೆ ನಾನು ಸೈಕ್ಲಿಂಗ್ ಕಲಿಸುವ ಮಕ್ಕಳ ತೂಕ, ನಾಡಿ, ಸಮಯ ವಹಿಯಲ್ಲಿ ಬರೆಯೋಕೆ ಶುರು ಮಾಡಿದಾಗ, ಕಲಬುರಗಿಯ ಇನ್ನೊಬ್ಬ ಕೋಚ್ ಎಲ್ಲರ ಮುಂದೆ ಕೇಳಿದ್ದರು: "ಏನ್ರೀ ಮಾಸ್ತರ, ವಹಿ ಬರಕೋತ ಕುಂತರ ಪದಕ ಬರ್ತಾವೇನ್ರೀ?" ಬಂದವು. ಹೋದ ಸೀಸನ್‌ನಲ್ಲಿ ರಾಜ್ಯಮಟ್ಟದಲ್ಲಿ ಎರಡು, ನಿಷೇಧಿತ ಮದ್ದಿನ ಒಂದು ಸೂಜಿಯೂ ಇಲ್ಲದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಮೋಸ ಹೋದದ್ದು. ಹದಿನೇಳರ ಹುಡುಗ. ಆಳಂದ ರಸ್ತೆಯಲ್ಲಿ ನಮ್ಮ 16 ಕಿ.ಮೀ. ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸೋದು) 28 ನಿಮಿಷದಲ್ಲಿ ಮುಗಿಸುತ್ತಿದ್ದವನು ಐದಾರು ವಾರದಲ್ಲಿ 26ಕ್ಕೆ ಬಂದ. ನಾನು ಪೇಡೆ ಹಂಚಿದೆ. ತೂಕ ಮೂರು ಕೆ.ಜಿ. ಏರಿತ್ತು, ಮುಖ, ಬೆನ್ನು ತುಂಬ ಗುಳ್ಳೆ. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಜಿಮ್‌ನವನೊಬ್ಬ ಸ್ಟೀರಾಯ್ಡ್ ಚುಚ್ಚುತ್ತಿದ್ದ. ಆಟೋ ಓಡಿಸುವ ಅಪ್ಪ ವಿಟಮಿನ್ ಅಂದುಕೊಂಡು ಸುಮಾರು ಹದಿನೆಂಟು ಸಾವಿರ ಕೊಟ್ಟಿದ್ದರು. ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ರಕ್ತ ಪರೀಕ್ಷೆಗೆ ಇಳಿದೆ. ರಕ್ತದ ಕೆಂಪು ಕಣ ಹೆಚ್ಚಿಸುವ ಇಪಿಒ ಮದ್ದಿನ ಹಾವಳಿಗೆ 1997ರಲ್ಲಿ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಗಂಡಸರಿಗೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 50 ದಾಟಬಾರದು ಅಂತ ಮಿತಿ ಹಾಕಿತ್ತಲ್ವಾ, ಅದೇ ಲೆಕ್ಕ. ಎಂಟು ಮಕ್ಕಳು, ಹದಿನೈದು ದಿನಕ್ಕೊಮ್ಮೆ, ತಲೆಗೆ ಇನ್ನೂರು ರೂಪಾಯಿ. ಮೇ ತಿಂಗಳಲ್ಲಿ ಎಲ್ಲ ಕೆಟ್ಟಿತು. ನಮ್ಮ 42 ಡಿಗ್ರಿ ಬಿಸಿಲಿಗೆ ಮೈಯ ನೀರು ಆರಿದರೆ ರಕ್ತ ಗಟ್ಟಿಯಾಗಿ ಅಂಕಿ ತಾನೇ ಏರುತ್ತದೆ. ಏನೂ ಮಾಡದ ಹುಡುಗಿಯೊಬ್ಬಳನ್ನು ಸುಮ್ನೆ ಅನುಮಾನಿಸಿದೆ. ಆಮೇಲೆ ಅವಳ ಮನೆಗೇ ಹೋಗಿ ಕ್ಷಮೆ ಕೇಳಿದೆ. ಹತ್ತು ಸಾವಿರದಷ್ಟು ಹೋಯಿತು.

ಕೈ ಹಿಡಿದದ್ದು ವಹಿ. ಯುಸಿಐ 2008ರಲ್ಲಿ ತಂದ ಬಯಲಾಜಿಕಲ್ ಪಾಸ್‌ಪೋರ್ಟ್ ಸವಾರನ ರಕ್ತವನ್ನು ಅವನದೇ ಹಳೇ ಅಂಕಿಗಳಿಗೆ ಹೋಲಿಸುತ್ತದೆ. ನಾನು ತೂಕ, ಬೆಳಗಿನ ನಾಡಿ, 16 ಕಿ.ಮೀ. ಸಮಯ ಹೋಲಿಸುತ್ತೇನೆ. ಗಾಳಿ ಯಾವ ಕಡೆಯದು ಅಂತಲೂ ಬರೆಯಿರಿ, ಇಲ್ಲಿಯ ಗಾಳಿ ಒಂದು ನಿಮಿಷ ನುಂಗುತ್ತದೆ. ಸಮಯ ತಿಂಗಳಲ್ಲಿ 40 ಸೆಕೆಂಡ್‌ಗಿಂತ ಜಾಸ್ತಿ ಇಳಿದರೆ ಹುಡುಗನನ್ನು ಒಬ್ಬನೇ ಕೂರಿಸಿ ಮಾತಾಡುತ್ತೇನೆ. ಈ ಮಾತೇ ದೊಡ್ಡದು. ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಮದ್ದು ತಗೊಂಡೂ ವರ್ಷಗಟ್ಟಲೆ ಪರೀಕ್ಷೆ ದಾಟಿದ. 2012ರಲ್ಲಿ ಏಳು ಟೂರ್ ಡಿ ಫ್ರಾನ್ಸ್ ಗೆಲುವು ಕಳಕೊಂಡದ್ದು ಮುಖ್ಯವಾಗಿ ಹನ್ನೊಂದು ಹಳೇ ಜೊತೆಗಾರರು ಬಾಯಿ ಬಿಟ್ಟಿದ್ದರಿಂದ. ನಾನು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ಇಲ್ಲಿ ಬರೆಯಲ್ಲ. ಮಕ್ಕಳೂ ಓದುತ್ತಾರೆ.

ನಡುವೆ ಇನ್ನೊಂದು ಮಾಡಿ ನೋಡಿದೆ. 2016ರಲ್ಲಿ ಬೆಲ್ಜಿಯಂನ ಝೋಲ್ಡರ್‌ನಲ್ಲಿ ಸೈಕ್ಲೋಕ್ರಾಸ್ (ಕೆಸರು, ಹುಲ್ಲು ದಾಟುವ ಸೈಕಲ್ ರೇಸ್) ವಿಶ್ವ ಚಾಂಪಿಯನ್‌ಶಿಪ್ ವೇಳೆ ಸೈಕಲ್ ಒಳಗೆ ಬಚ್ಚಿಟ್ಟ ಮೋಟರ್ ಸಿಕ್ಕಿತ್ತು. ನಾನೂ ನಾನ್ನೂರು ರೂಪಾಯಿಯ ಕೊಕ್ಕೆ ಕಾಟಾ ತಂದು ಎಲ್ಲ ಸೈಕಲ್ ತೂಗಿದೆ. ಮೋಟರ್ ಇರಲಿಲ್ಲ. ಎತ್ತಿ ಇಳಿಸುವಾಗ ಎರಡು ಸೈಕಲ್‌ಗಳ ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಬೇರಿಂಗ್) ಸವೆದದ್ದು ಗೊತ್ತಾಯಿತು. ಬದಲಿಸಿದ ಮೇಲೆ ಇಬ್ಬರಿಗೂ ಹತ್ತು ಹನ್ನೆರಡು ಸೆಕೆಂಡ್ ಉಳಿಯಿತು.

ಡಬ್ಬಿಗೆ ನಾಲ್ಕು ಸಾವಿರದ ಪೌಡರನ್ನೂ ಬಿಡಿಸಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬಾಟಲಿಯಲ್ಲಿ ಉಪ್ಪು ಬೆಲ್ಲದ ನೀರು. ಬೆಲ್ಲ ಎಷ್ಟು ಅನ್ನೋದು ನಮ್ಮಲ್ಲೇ ಇರಲಿ.

ಸೂಜಿ ಹಾಕಿಸಿಕೊಂಡಿದ್ದ ಆ ಹುಡುಗ ಒಂದೂವರೆ ವರ್ಷ ಸೈಕಲ್ ಮುಟ್ಟಲಿಲ್ಲ. ಆಮೇಲೆ ತಾನೇ ಬಂದು, "ಸರ್, ನನ್ನ ಹೆಸರೂ ವಹಿಯಾಗ ಬರೀರಿ" ಅಂದ. ಶುರುವಿನಲ್ಲಿ 29 ನಿಮಿಷ. ಹೋದ ತಿಂಗಳು 26 ನಿಮಿಷ 20 ಸೆಕೆಂಡ್, ಎದುರು ಗಾಳಿಯಲ್ಲಿ.